ಕಲಬುರಗಿಯ ನೀರಿನಲ್ಲಿ ಮೃದು ಹವಳ ಬದುಕಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಶಹಾಬಾದ್, ಸೇಡಂ ಕಡೆ ಮನೆಯ ಉಪ್ಪು ನೀರಿನ ಟ್ಯಾಂಕಿನಲ್ಲಿ ಹವಳ ಸಾಕುವವರಿಂದ ನನಗೆ ಬರುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಹೈದರಾಬಾದಿನಿಂದ ತಂದ ಹವಳ ಎರಡು ವಾರ ಚೆನ್ನಾಗಿತ್ತು, ಮೂರನೆಯ ವಾರ ಮುದುಡಿಕೊಂಡಿತು, ಆಮೇಲೆ ಬಣ್ಣ ಬಿಟ್ಟಿತು. ಯಾವ ಔಷಧಿ ಹಾಕಬೇಕು? ಔಷಧಿ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದು ಹವಳವಲ್ಲ, ನೀರು. ನೀರನ್ನು ಸರಿಪಡಿಸುವುದಕ್ಕೂ ಒಂದು ಕ್ರಮವಿದೆ, ಮತ್ತು ಆ ಕ್ರಮ ತಪ್ಪಿದರೆ ಸರಿಪಡಿಸುವ ಕೆಲಸವೇ ಹವಳವನ್ನು ಕೊಲ್ಲುತ್ತದೆ.

ಹವಳದ ಪ್ರತಿಯೊಂದು ಪಾಲಿಪ್ ಒಂದು ಸಣ್ಣ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರ ತಯಾರಿಸಿ, ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ನೀರಿನ ಶಾಖ, ಉಪ್ಪಿನಂಶ ಅಥವಾ ಪೋಷಕಾಂಶ ಏರುಪೇರಾದಾಗ ಈ ಪಾಲುದಾರಿಕೆ ಮುರಿದು ಪಾಚಿಗಳು ಹೊರಬೀಳುತ್ತವೆ. ಹವಳ ಬಿಳಿಚಿಕೊಳ್ಳುವುದೆಂದರೆ ಇದೇ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು ಮತ್ತು ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅಂಗಡಿಯವರು ಕೊಟ್ಟರೂ ಅವನ್ನು ಕೊಳ್ಳಬೇಡಿ, ಸಮುದ್ರದಿಂದ ಕಿತ್ತ ಕಲ್ಲನ್ನೂ ಕೊಳ್ಳಬೇಡಿ. ಈ ಮಾರ್ಗದರ್ಶಿ ಝೋಆಂಥಿಡ್, ಮಶ್ರೂಮ್ ಮತ್ತು ಲೆದರ್ ಹವಳಗಳಂಥ ಮೃದು ಜಾತಿಗಳಿಗೆ ಮಾತ್ರ, ಅವೂ ಟ್ಯಾಂಕಿನಲ್ಲೇ ಬೆಳೆಸಿದ ತುಂಡುಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ.

ಕೈಯಲ್ಲಿ ಇರಬೇಕಾದ ಸಾಮಾನು

ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ (ಟಿಡಿಎಸ್) ತೋರಿಸುವ ಮೀಟರ್, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸುವ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು) ದ್ರಾವಣ, ನಂಬಬಹುದಾದ ಥರ್ಮಾಮೀಟರ್, ಅಮೋನಿಯಾ, ಕ್ಷಾರತೆ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ), ನೈಟ್ರೇಟ್, ಫಾಸ್ಫೇಟ್ ಪರೀಕ್ಷೆಯ ಕಿಟ್‌ಗಳು, ಬ್ಯಾಟರಿಯಲ್ಲಿ ಓಡುವ ಏರ್ ಪಂಪ್, ಆಹಾರ ಇಡುವ ದರ್ಜೆಯ ಎರಡು ಪ್ಲಾಸ್ಟಿಕ್ ಡ್ರಮ್, ರಬ್ಬರ್ ಕೈಗವಸು, ಒಂದು ನೋಟ್‌ಬುಕ್. ಹಣ ಕಡಿಮೆ ಇದ್ದರೆ ದುಬಾರಿ ಲೈಟನ್ನು ಮುಂದೂಡಿ, ಕಿಟ್‌ಗಳನ್ನು ಮುಂದೂಡಬೇಡಿ. ಮುಳ್ಳು ತಿರುಗುವ ಅಗ್ಗದ ಹೈಡ್ರೋಮೀಟರ್ ಅನ್ನು ನಾನು ಬಳಸುವುದಿಲ್ಲ. ಅದರ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೆ ಸಾಕು, ಸುಳ್ಳು ಹೇಳುತ್ತದೆ.

ಹಂತ 1: ಮೂಲ ನೀರನ್ನು ಬರಿದು ಮಾಡುವುದು

ನಮ್ಮ ಭಾಗದ ಬೋರ್ ನೀರು ಸುಣ್ಣಕಲ್ಲು ಮತ್ತು ಕಪ್ಪುಕಲ್ಲಿನ ಪದರಗಳ ಮೂಲಕ ಬರುತ್ತದೆ. ಬಕೆಟ್ಟಿನ ಒಳಗೆ, ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಪೊರೆ ಆ ಗಡಸುತನದ ಗುರುತು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹವಳಕ್ಕೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕ್ಯಾಲ್ಸಿಯಂ ಉಪ್ಪಿನ ಮಿಶ್ರಣದಲ್ಲೇ ಲೆಕ್ಕ ಹಾಕಿ ಬೆರೆಸಿರುತ್ತದೆ. ಬೋರ್ ನೀರು ಅದರ ಜೊತೆಗೆ ನೈಟ್ರೇಟ್, ಸಿಲಿಕಾ ಮತ್ತು ಇನ್ನೂ ಏನೇನನ್ನೋ ತರುತ್ತದೆ. ನಳದ ನೀರಿನಲ್ಲಿ ಇವು ಕಡಿಮೆ ಇದ್ದರೂ ಕ್ಲೋರಿನ್ ಇರುತ್ತದೆ.

ನೀರು ಶೋಧಿಸುವ ಕ್ರಮ ಹೀಗಿರಬೇಕು: ಮಣ್ಣು ತಡೆಯುವ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್, ಆರ್‌ಒ ಮೆಂಬ್ರೇನ್, ಕೊನೆಗೆ ಉಳಿದ ಲವಣ ಹೀರುವ ಡಿಐ ರೆಸಿನ್. ಕಾರ್ಬನ್ ಮೆಂಬ್ರೇನಿಗಿಂತ ಮುಂಚೆಯೇ ಬರಬೇಕು, ಏಕೆಂದರೆ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ. ನಮ್ಮ ಬಡಾವಣೆಯ ಬೋರ್ ನೀರು ಬೇಸಿಗೆಯಲ್ಲಿ ನನ್ನ ಮೀಟರಿನಲ್ಲಿ 900 ಪಿಪಿಎಂ (ಹತ್ತು ಲಕ್ಷ ಪಾಲಿಗೆ 900 ಪಾಲು) ದಾಟುತ್ತದೆ. ಒಳ್ಳೆಯ ಮೆಂಬ್ರೇನ್ ಅದರಲ್ಲಿ ಶೇಕಡಾ 97ರಷ್ಟು ಪಾಲನ್ನು ತಡೆದರೂ 27 ಉಳಿಯುತ್ತದೆ, ಅದನ್ನು ಸೊನ್ನೆಗೆ ಇಳಿಸುವುದು ಡಿಐ ರೆಸಿನ್. ಹೊರಬರುವ ನೀರು 0 ತೋರಿಸಬೇಕು. 2 ತೋರಿಸಿದ ದಿನವೇ ರೆಸಿನ್ ಬದಲಿಸಿ. ಯಂತ್ರ ಚಾಲೂ ಮಾಡಿದ ಮೊದಲ ಐದು ನಿಮಿಷದ ನೀರನ್ನು ಚೆಲ್ಲಿ, ಏಕೆಂದರೆ ನಿಂತಿದ್ದ ಮೆಂಬ್ರೇನಿನ ನೀರಿನಲ್ಲಿ ಟಿಡಿಎಸ್ ಹೆಚ್ಚಿರುತ್ತದೆ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ನಾಲ್ಕು ಲೀಟರ್ ಹೊರಗೆ ಹೋಗುತ್ತದೆ. ಅದು ಅಂಗಳ ತೊಳೆಯಲು ಆಗುತ್ತದೆ.

ಅತಿ ಹೆಚ್ಚು ಜನ ಎಡವುವುದು ಅಡುಗೆಮನೆಯ ಫಿಲ್ಟರಿನಲ್ಲಿ. ನಾನೂ ಎಡವಿದ್ದೇನೆ. ಮೊದಲ ಟ್ಯಾಂಕಿಗೆ ಮನೆಯಲ್ಲಿ ಕುಡಿಯುವ ಆರ್‌ಒ ನೀರನ್ನೇ ಬಳಸಿದೆ. ಎರಡು ತಿಂಗಳು ಶಂಖದ ಹುಳುಗಳು ಒಂದೊಂದಾಗಿ ಸತ್ತವು, ಮಶ್ರೂಮ್ ಹವಳ ಕಲ್ಲು ಬಿಟ್ಟು ತೇಲಿತು, ಕಾರಣ ಹೊಳೆಯಲಿಲ್ಲ. ಕೊನೆಗೆ ಸರ್ವೀಸ್ ಹುಡುಗ ಫಿಲ್ಟರ್ ಬಿಚ್ಚಿದಾಗ, ಕೊನೆಯ ಡಬ್ಬಿ ತೋರಿಸಿ, ಇದು ತಾಮ್ರ ಬಿಡುವುದು, ಆರೋಗ್ಯಕ್ಕೆ ಒಳ್ಳೆಯದು ಸರ್, ಎಂದ. ಮನುಷ್ಯನಿಗೆ ಪರವಾಗಿಲ್ಲದ ತಾಮ್ರ ಹವಳ, ಶಂಖ, ಸೀಗಡಿಗಳಿಗೆ ವಿಷ. ತಾಮ್ರದ ಡಬ್ಬಿ ಇಲ್ಲದ ಫಿಲ್ಟರಿನಲ್ಲೂ ರುಚಿಗಾಗಿ ಮೂಲ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ತಿರುಪು ಇರುವುದುಂಟು. ಅಂಗಡಿಯ 20 ಲೀಟರ್ ಕ್ಯಾನ್ ನೀರೂ ಇದೇ ಕಾರಣಕ್ಕೆ ಬೇಡ. ಹಿತ್ತಾಳೆಯ ನಲ್ಲಿ, ತಾಮ್ರದ ಪೈಪು, ಹಿತ್ತಾಳೆ ಭಾಗವಿರುವ ಮೋಟಾರು ಈ ದಾರಿಯಲ್ಲಿ ಎಲ್ಲಿಯೂ ಇರಬಾರದು.

ಹಂತ 2: ಉಪ್ಪು ನೀರು ಕಲಸುವುದು

ಅಡುಗೆ ಉಪ್ಪು, ಕಲ್ಲುಪ್ಪು ಎರಡೂ ನಡೆಯುವುದಿಲ್ಲ. ಅವುಗಳಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಕ್ಷಾರತೆ ಸಮುದ್ರದ ಪ್ರಮಾಣದಲ್ಲಿ ಇರುವುದಿಲ್ಲ. ಹವಳದ ಟ್ಯಾಂಕಿಗೆಂದೇ ಮಾರುವ ಮಿಶ್ರಣವನ್ನು ಲೀಟರಿಗೆ 36ರಿಂದ 40 ಗ್ರಾಂ ಲೆಕ್ಕದಲ್ಲಿ ಹಾಕಿ, 20 ಲೀಟರಿಗೆ 720 ಗ್ರಾಂನಿಂದ ಶುರು ಮಾಡಿ, ಅಳೆದು ನೋಡಿ ಹೆಚ್ಚಿಸಿ. ಗುರಿ 35 ಪಿಪಿಟಿ, ಅಂದರೆ ಸಾಂದ್ರತೆಯಲ್ಲಿ 1.026.

ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ತಳದಲ್ಲಿ ದ್ರಾವಣ ಅತಿಗಟ್ಟಿಯಾಗಿ ಕ್ಯಾಲ್ಸಿಯಂ ಮತ್ತು ಕ್ಷಾರತೆ ಸೇರಿ ಸುಣ್ಣವಾಗಿ ಕುಳಿತುಬಿಡುತ್ತವೆ; ನೀರು ಹಾಲಿನಂತೆ ಬೆಳ್ಳಗೆ ನಿಂತು ತಿಳಿಯಾಗದಿದ್ದರೆ ಆ ಬ್ಯಾಚನ್ನು ಚೆಲ್ಲಿ. ಪಂಪ್ ಹಾಕಿ ಕೆಲವು ಗಂಟೆ ತಿರುಗಿಸಿ, ಟ್ಯಾಂಕಿನ ಶಾಖಕ್ಕೆ ತಂದು, ಆಮೇಲೆ ಅಳೆಯಿರಿ. ರಿಫ್ರಾಕ್ಟೋಮೀಟರನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡುವುದು ಸಾಮಾನ್ಯ ತಪ್ಪು. ಸೊನ್ನೆಯಲ್ಲಿ ಸರಿಯಿರುವ ಸಾಧನ 35ರಲ್ಲಿ ಎರಡು ಅಂಕ ತಪ್ಪಬಹುದು.

ಟ್ಯಾಂಕಿನ ತಳಕ್ಕೆ ಶಹಾಬಾದ್ ಫರಸಿ ತುಂಡುಗಳನ್ನು ಜೋಡಿಸುವ ಆಸೆ ಈ ಊರಿನಲ್ಲಿ ಎಲ್ಲರಿಗೂ ಬರುತ್ತದೆ. ಹವಳದ ಟ್ಯಾಂಕಿನ ಪಿಎಚ್ 8ರ ಮೇಲಿರುವುದರಿಂದ ಆ ಸುಣ್ಣಕಲ್ಲು ಕರಗಿ ಉಪಕಾರ ಮಾಡುವುದಿಲ್ಲ. ಫರಸಿಯನ್ನು ಸ್ಟ್ಯಾಂಡಿನ ಮೇಲೆ, ಟ್ಯಾಂಕಿನ ಕೆಳಗೆ ಹಾಸಿ; ಅಲ್ಲಿ ಅದಕ್ಕೆ ಸಾಟಿ ಇಲ್ಲ.

ಹಂತ 3: ಶಾಖ ಮತ್ತು ಆವಿ

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ಭಾಗ ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ಊರಿನಲ್ಲಿ, ಹವಳಕ್ಕೆ ಬೇಕಾದ ನೀರಿನ ಶಾಖ 24ರಿಂದ 27 ಡಿಗ್ರಿ.

ಸಮುದ್ರದಲ್ಲೂ ಈ ಅಂತರ ಬಹಳ ಸಣ್ಣದು. ಒಂದು ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು ಕೇವಲ 1 ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಅಲ್ಲಿನ ಹವಳ ಬಿಳಿಚಿಕೊಳ್ಳುವ ಹಂತ ಮುಟ್ಟುತ್ತದೆ, ಎಂಟು ವಾರ ನಿಂತರೆ ಸಾಯತೊಡಗುತ್ತದೆ ಎಂಬುದು ಉಪಗ್ರಹದಿಂದ ಶಾಖ ಗಮನಿಸುವವರು ಬಳಸುವ ಲೆಕ್ಕ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿಕೊಂಡವು. ಅರಬ್ಬೀ ಸಮುದ್ರ ಬಿಸಿಯಾಗಲು ವಾರಗಳು ಬೇಕು, 100 ಲೀಟರ್ ಟ್ಯಾಂಕಿಗೆ ಒಂದು ಮಧ್ಯಾಹ್ನ ಸಾಕು.

ಟ್ಯಾಂಕನ್ನು ಮೇಲಿನ ಮಹಡಿಯಲ್ಲಿ, ಪಡುವಣ ಗೋಡೆಗೆ ಒತ್ತಿ ಇಡಬೇಡಿ. ಕೆಳಗಿನ ಮನೆಯ ನಡುಕೋಣೆ ಎಲ್ಲಕ್ಕಿಂತ ತಂಪು. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಆವಿಯಾಗುವ ನೀರು ಶಾಖವನ್ನು ಒಯ್ದು 2ರಿಂದ 3 ಡಿಗ್ರಿ ಇಳಿಯುತ್ತದೆ, ನಮ್ಮ ಒಣ ಗಾಳಿಯಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು. ಆದರೆ ಕೋಣೆ 36 ಇದ್ದಾಗ ಫ್ಯಾನೊಂದೇ ಸಾಲುವುದಿಲ್ಲ. ಟ್ಯಾಂಕ್ ಚಿಲ್ಲರ್ ಅಥವಾ ಎಸಿ ಇರುವ ಕೋಣೆ ಬೇಕು. ಇವೆರಡೂ ಆಗದಿದ್ದರೆ ಹವಳ ಸಾಕುವ ಯೋಚನೆಯನ್ನು ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಏರ್ ಕೂಲರ್ ಇರುವ ಕೋಣೆ ತಂಪಾಗುತ್ತದೆ ನಿಜ, ಆದರೆ ಗಾಳಿ ತೇವವಾಗಿ ಫ್ಯಾನ್ ಇಳಿಸುವ ಡಿಗ್ರಿ ಕಡಿಮೆಯಾಗುತ್ತದೆ; ಅಲ್ಲದೆ ಕೂಲರಿನ ಎದುರಿಗೇ ಟ್ಯಾಂಕ್ ಇದ್ದರೆ ಬೋರ್ ನೀರಿನ ಹನಿಗಳು ನೇರವಾಗಿ ಅದರೊಳಗೆ ಬೀಳುತ್ತವೆ.

ಈಗ ಆವಿಯ ಲೆಕ್ಕ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 100 ಲೀಟರ್ ಟ್ಯಾಂಕಿನಿಂದ ಫ್ಯಾನಿನ ಕೆಳಗೆ ದಿನಕ್ಕೆ 3 ಲೀಟರ್ ಹೋಯಿತೆನ್ನಿ. ಮದುವೆಗೆಂದು ಮೂರು ದಿನ ಊರಿಗೆ ಹೋಗಿ ಬಂದರೆ 35 ಇದ್ದ ಉಪ್ಪಿನಂಶ 38.5 ಆಗಿರುತ್ತದೆ. ಬಂದವರು ಗಾಬರಿಯಿಂದ ಕಲಸಿಟ್ಟ ಉಪ್ಪು ನೀರನ್ನೇ ಸುರಿದು ಮಟ್ಟ ಸರಿಮಾಡುತ್ತಾರೆ. ಆಗ ಅದು ಇಳಿಯುವ ಬದಲು ಹೆಚ್ಚಾಗಿಯೇ ನಿಲ್ಲುತ್ತದೆ. ಆವಿಯ ಜಾಗವನ್ನು ತುಂಬುವುದು ಸೊನ್ನೆ ಟಿಡಿಎಸ್ ಸಿಹಿ ನೀರು ಮಾತ್ರ, ಅದೂ ದಿನಾ ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ. ಟ್ಯಾಂಕಿನ ಗಾಜಿಗೆ ಟೇಪಿನಿಂದ ಒಂದು ಗೆರೆ ಹಾಕಿ, ನೀರನ್ನು ಆ ಗೆರೆಯ ಮಟ್ಟಕ್ಕೆ ಇಡಿ.

ಕರೆಂಟ್ ಹೋದಾಗ ಶಾಖಕ್ಕಿಂತ ಮೊದಲು ಕೊಲ್ಲುವುದು ಉಸಿರಿನ ಕೊರತೆ. ಉಪ್ಪು ನೀರು ಬಿಸಿಯಾದಷ್ಟೂ ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ರಾತ್ರಿ ಪಾಚಿಗಳೂ ಉಸಿರಾಡುತ್ತವೆಯೇ ಹೊರತು ಆಮ್ಲಜನಕ ಬಿಡುವುದಿಲ್ಲ. ಆದ್ದರಿಂದ ಇನ್ವರ್ಟರಿನ ಲೈನನ್ನು ನೀರು ತಿರುಗಿಸುವ ಪಂಪಿಗೆ ಕೊಡಿ, ಲೈಟಿಗೆ ಬೇಡ. ಬ್ಯಾಟರಿ ಏರ್ ಪಂಪನ್ನು ತಿಂಗಳಿಗೊಮ್ಮೆ ಓಡಿಸಿ ನೋಡಿ. ಹಗಲಿನಲ್ಲಿ ಶಾಖ 28 ದಾಟಿದರೆ ಮುಚ್ಚಳ ಬಿಗಿಯಾದ ಒಂದು ಲೀಟರ್ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಟ್ಯಾಂಕಿನಲ್ಲಿ ತೇಲಿಬಿಡಿ. ಅದು 100 ಲೀಟರನ್ನು ಸುಮಾರು 1 ಡಿಗ್ರಿ ಇಳಿಸುತ್ತದೆ. ಒಮ್ಮೆಗೇ ನಾಲ್ಕು ಬಾಟಲಿ ಹಾಕಬೇಡಿ.

ಹಂತ 4: ಹವಳಕ್ಕೆ ಮುಂಚೆ ಬ್ಯಾಕ್ಟೀರಿಯಾ

ಹೊಸ ಟ್ಯಾಂಕಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. 2 ಪಿಪಿಎಂ ಅಮೋನಿಯಾ ಹಾಕಿದರೆ 24 ಗಂಟೆಯೊಳಗೆ ಸೊನ್ನೆಯಾಗಬೇಕು, ನೈಟ್ರೈಟೂ ಸೊನ್ನೆ ಇರಬೇಕು. ಅಲ್ಲಿಯವರೆಗೆ ಹವಳ ತರಬೇಡಿ. ನಡುವೆ ಕಲ್ಲಿನ ಮೇಲೆ ಕಂದು ಧೂಳಿನಂಥ ಪಾಚಿ ಬರುತ್ತದೆ. ಅದು ತಾನೇ ಹೋಗುತ್ತದೆ. ಮೂರು ತಿಂಗಳಾದರೂ ಹೋಗದಿದ್ದರೆ ಹಂತ 1ಕ್ಕೆ ಮರಳಿ ಡಿಐ ರೆಸಿನ್ ಪರೀಕ್ಷಿಸಿ, ಸಿಲಿಕಾ ನುಸುಳುತ್ತಿರಬಹುದು.

ಹೈದರಾಬಾದಿನಿಂದ ತರುವವರು ಮಧ್ಯಾಹ್ನದ ಬಸ್ಸಿನಲ್ಲಿ ತರದೆ ರಾತ್ರಿಯ ಪ್ರಯಾಣದಲ್ಲಿ, ಥರ್ಮೋಕೋಲ್ ಡಬ್ಬಿಯಲ್ಲಿ ತನ್ನಿ.

ಹಂತ 5: ಕ್ಷಾರತೆ

ಕ್ಷಾರತೆ 7ರಿಂದ 9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ), ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ. ಮೃದು ಹವಳಗಳು ಕಲ್ಲಿನಂಥ ಗಟ್ಟಿ ಅಸ್ಥಿ ಕಟ್ಟದ ಕಾರಣ ಇವನ್ನು ಹೆಚ್ಚು ಖರ್ಚು ಮಾಡುವುದಿಲ್ಲ. ವಾರಕ್ಕೆ ಶೇಕಡಾ 10ರಷ್ಟು ಪಾಲು ನೀರು ಬದಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಅಳೆಯದೆ ಸೀಸೆಯಿಂದ ಸುರಿಯುವುದೇ ಇಲ್ಲಿನ ತಪ್ಪು.

ಕ್ಷಾರತೆ ನಿಜಕ್ಕೂ ಕುಸಿದಿದ್ದರೆ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ. 100 ಲೀಟರಿಗೆ 3 ಗ್ರಾಂ ಸೋಡಾ ಸುಮಾರು 1 ಡಿಕೆಎಚ್ ಏರಿಸುತ್ತದೆ. ಸಿಹಿ ನೀರಿನಲ್ಲಿ ಪೂರ್ತಿ ಕರಗಿಸಿ, ಪಂಪಿನ ಹರಿವಿನಲ್ಲಿ ನಿಧಾನವಾಗಿ ಹಾಕಿ, ದಿನಕ್ಕೆ 1 ಡಿಕೆಎಚ್ ಮೀರಬೇಡಿ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಐದಾರು ಜನ ಮಲಗಿದ ಬೆಳಿಗ್ಗೆ ಪಿಎಚ್ 7.8ಕ್ಕೆ ಇಳಿದಿದ್ದರೆ ಅದು ಕೋಣೆಯ ಇಂಗಾಲದ ಡೈಆಕ್ಸೈಡಿನ ಪ್ರಭಾವ. ಅದಕ್ಕೆ ಸೋಡಾ ಬೇಡ, ಕಿಟಕಿ ತೆರೆಯಿರಿ.

ಹಂತ 6: ನೈಟ್ರೇಟ್ ಮತ್ತು ಫಾಸ್ಫೇಟ್

ಇಲ್ಲಿ ಎರಡು ವಿರುದ್ಧ ತಪ್ಪುಗಳಿವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಹೆಚ್ಚು ಮೀನು, ಹೆಚ್ಚು ತಿಂಡಿ, ಪಾಚಿಯ ಕಂಬಳಿ. ಹವಾಯಿಯ ಕನೇಯೋಹೆ ಕೊಲ್ಲಿಯಲ್ಲಿ ಊರಿನ ಕೊಳಚೆ ನೀರು ಬೀಳುತ್ತಿದ್ದಾಗ ಗುಳ್ಳೆಯಾಕಾರದ ಹಸಿರು ಪಾಚಿ ಹವಳವನ್ನು ಮುಚ್ಚಿಹಾಕಿತ್ತು. 1977-78ರಲ್ಲಿ ಕೊಳಚೆಯನ್ನು ಕೊಲ್ಲಿಯಿಂದ ಹೊರಕ್ಕೆ ತಿರುಗಿಸಿದ ಮೇಲೆ ಪಾಚಿ ಇಳಿದು ಹವಳ ಮತ್ತೆ ಹಬ್ಬಿತು. ಹವಳ ಚೇತರಿಸಿಕೊಳ್ಳಲು ಬೇಕಾದದ್ದು ಹೊಸ ಹವಳವಲ್ಲ, ಕೊಳೆ ನಿಲ್ಲುವುದು.

ಎರಡನೆಯ ತಪ್ಪು ಇತ್ತೀಚಿನದು, ಬಹಳ ಓದಿಕೊಂಡವರು ಮಾಡುವುದು. ಎರಡನ್ನೂ ಸೊನ್ನೆಗೆ ಇಳಿಸಿದರೆ ಹವಳದೊಳಗಿನ ಪಾಚಿ ಹಸಿದು ಬಣ್ಣ ಬಿಡುತ್ತದೆ, ಮೂಗಿನ ಸಿಂಬಳದಂಥ ಕಂದು ಎಳೆಗಳು ಗುಳ್ಳೆ ಹಿಡಿದು ಕಲ್ಲಿನ ಮೇಲೆ ನಿಲ್ಲುತ್ತವೆ. ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಮಾತ್ರ ಸೊನ್ನೆಯಾದರೆ ಇನ್ನೂ ಕೆಡುಕು. ಅಂಥ ಹವಳ ಸ್ವಲ್ಪ ಶಾಖಕ್ಕೂ ಬಿಳಿಚುತ್ತದೆ. ನೈಟ್ರೇಟನ್ನು 2ರಿಂದ 10 ಪಿಪಿಎಂ, ಫಾಸ್ಫೇಟನ್ನು 0.03ರಿಂದ 0.1 ಪಿಪಿಎಂ ನಡುವೆ ಇಡಿ. ನೈಟ್ರೇಟ್ 40 ಇದ್ದರೆ ಒಂದೇ ದಿನ ಅರ್ಧ ನೀರು ಬದಲಿಸಬೇಡಿ. ತಿಂಡಿ ಅರ್ಧ ಮಾಡಿ, ವಾರಕ್ಕೆರಡು ಸಲ ಶೇಕಡಾ 10ರಷ್ಟು ಪಾಲು ಬದಲಿಸುತ್ತಾ ಒಂದು ತಿಂಗಳು ತೆಗೆದುಕೊಳ್ಳಿ.

ಹಂತ 7: ಬಿಳಿಚಿದ ಹವಳವನ್ನು ಮರಳಿ ತರುವುದು

ಮೊದಲ ಕೆಲಸ, ಹವಳವನ್ನು ಮುಟ್ಟದಿರುವುದು. ಬೇರೆ ಮೂಲೆಗೆ ಸರಿಸಿ, ಮತ್ತೆ ಸರಿಸಿ, ದಿನಾ ಕೈ ಹಾಕಿ ನೋಡುವುದರಿಂದಲೇ ಅರ್ಧ ಹವಳಗಳು ಸಾಯುತ್ತವೆ.

ಎರಡನೆಯದು ಅಳತೆ: ಶಾಖ, ಉಪ್ಪಿನಂಶ, ಅಮೋನಿಯಾ, ಕ್ಷಾರತೆ, ನೈಟ್ರೇಟ್, ಫಾಸ್ಫೇಟ್, ಇದೇ ಕ್ರಮದಲ್ಲಿ. ಇವುಗಳಲ್ಲಿ ಮೊದಲಿನ ಮೂರೂ ಕೆಲವೇ ಗಂಟೆಗಳಲ್ಲಿ ಕೊಲ್ಲುವಂಥವು, ಉಳಿದವು ವಾರಗಳಲ್ಲಿ. ಅಮೋನಿಯಾ ಕಂಡರೆ ಮಾತ್ರ ಆತುರ ಮಾಡಿ, ಅದೇ ಶಾಖ ಮತ್ತು ಅದೇ ಉಪ್ಪಿನಂಶದ ಹೊಸ ನೀರಿನಿಂದ ಮೂರನೆಯ ಒಂದು ಪಾಲನ್ನು ಅಂದೇ ಬದಲಿಸಿ. ಉಳಿದ ಯಾವುದೇ ತಪ್ಪನ್ನು ದಿನಕ್ಕೆ 1 ಡಿಗ್ರಿ, 1 ಪಿಪಿಟಿ, 1 ಡಿಕೆಎಚ್‌ಗಿಂತ ಹೆಚ್ಚು ತಿದ್ದಬೇಡಿ, ಮತ್ತು ಒಂದು ಸಲಕ್ಕೆ ಒಂದನ್ನೇ ತಿದ್ದಿ. 38.5ಕ್ಕೆ ಏರಿದ ಉಪ್ಪಿನಂಶವನ್ನು 35ಕ್ಕೆ ತರಲು ನಾಲ್ಕು ದಿನ ಹಿಡಿಯಬೇಕು.

ಮೂರನೆಯದು ಬೆಳಕು. ಪಾಚಿ ಕಳೆದುಕೊಂಡ ಹವಳಕ್ಕೆ ಬಿಸಿಲು ತಾಗಿದ ಸುಟ್ಟ ಚರ್ಮದ ಸ್ಥಿತಿ; ಲೈಟನ್ನು ಅರ್ಧಕ್ಕೆ ಇಳಿಸಿ, ಎರಡು ವಾರದ ನಂತರ ವಾರಕ್ಕೆ ಶೇಕಡಾ 10ರಷ್ಟು ಪಾಲು ಏರಿಸುತ್ತಾ ಹೋಗಿ. ನೀರಿನ ಹರಿವು ಅಂಗಾಂಶ ಮೆಲ್ಲಗೆ ತೂಗುವಷ್ಟಿರಲಿ. ಹೊಸ ಕಾರ್ಬನ್ ಚೀಲವೊಂದನ್ನು ಫಿಲ್ಟರಿನಲ್ಲಿ ಇಡಿ, ಏಕೆಂದರೆ ಲೆದರ್ ಹವಳಗಳು ಕಷ್ಟದಲ್ಲಿದ್ದಾಗ ನೆರೆಯವುಗಳಿಗೆ ವಿಷವಾಗುವ ರಾಸಾಯನಿಕ ಬಿಡುತ್ತವೆ. ಪಾಲಿಪ್‌ಗಳು ತೆರೆದುಕೊಳ್ಳುತ್ತಿದ್ದರೆ ವಾರಕ್ಕೆ ಎರಡು ಸಲ ಬಹಳ ಸಣ್ಣ ಆಹಾರ ಕೊಡಿ. ತೆರೆಯದಿದ್ದರೆ ಕೊಡಬೇಡಿ, ಅದು ಅಲ್ಲೇ ಕೊಳೆಯುತ್ತದೆ.

ಆಮೇಲೆ ಕಾಯುವುದು. ಚೇತರಿಕೆ ವಾರಗಳಿಂದ ತಿಂಗಳುಗಳವರೆಗೆ ಹಿಡಿಯುತ್ತದೆ, ಮತ್ತು ಮೊದಲು ಮರಳುವ ಬಣ್ಣ ನೀವು ಬಯಸಿದ ಹಸಿರು, ನೇರಳೆ ಆಗಿರುವುದಿಲ್ಲ. ನನ್ನ ಝೋಆಂಥಿಡ್ ಗುಂಪು ಬಿಳಿಚಿ ಐದನೆಯ ವಾರ, ಬೆಳಿಗ್ಗೆ ಲೈಟ್ ಹಾಕಿದಾಗ ಪಾಲಿಪ್‌ಗಳ ಬಾಯಿಯ ಸುತ್ತ ಚಹಾ ಕಲೆಯಂಥ ತೆಳು ಕಂದು ಉಂಗುರ ಕಂಡಿತು. ಆಮೇಲೆ ಹಸಿರು ಬರಲು ಇನ್ನೂ ಎರಡು ತಿಂಗಳು ಬೇಕಾಯಿತು. ಆ ಕಂದು ಮರಳಿ ಬಂದ ಪಾಚಿಯದು. ಅದನ್ನು ಕೊಳೆ ಎಂದು ತಿಳಿದು ಬ್ರಷ್‌ನಿಂದ ಉಜ್ಜಿದವರನ್ನೂ ಕಂಡಿದ್ದೇನೆ.

ಎಚ್ಚರಿಕೆಯ ಗುರುತುಗಳು

ಲೆದರ್ ಹವಳ ಮುದುಡಿ, ಮೇಲೆ ಮೇಣದಂಥ ಪೊರೆ ಬಂದರೆ ಹೆದರಬೇಡಿ. ಅದು ಹಳೆಯ ಪೊರೆ ಕಳಚುವ ರೀತಿ, ಒಂದೆರಡು ವಾರದಲ್ಲಿ ಮುಗಿಯುತ್ತದೆ. ಎಲ್ಲ ಹವಳಗಳೂ ಒಂದೇ ದಿನ ಮುಚ್ಚಿಕೊಂಡರೆ ಮಾತ್ರ ನೀರಿನಲ್ಲಿ ವಿಷ ಬಿದ್ದಿದೆ ಎಂದು ತಿಳಿಯಿರಿ: ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ, ಇವುಗಳ ಹೊಗೆಯನ್ನು ಏರ್ ಪಂಪ್ ಎಳೆದು ನೇರವಾಗಿ ನೀರಿಗೆ ಊದುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿಕೊಳ್ಳಿ. ಅಂಗಾಂಶ ಲೋಳೆಯಾಗಿ ಕರಗುತ್ತಾ ಕೊಳೆತ ವಾಸನೆ ಬಂದರೆ ಆ ತುಂಡು ಮುಗಿದಂತೆ. ಉಳಿದವುಗಳಿಗಾಗಿ ಅಂದೇ ಹೊರತೆಗೆಯಿರಿ.

ಹೊರತೆಗೆಯುವುದಕ್ಕೂ ಕ್ರಮವಿದೆ. ಕೆಲವು ಝೋಆಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಬಹಳ ತೀವ್ರವಾದ ವಿಷವಿರುತ್ತದೆ. ಅವು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬೇಡಿ, ಬಿಸಿ ನೀರು ಸುರಿಯಬೇಡಿ, ಒಣಗಿಸಿ ಕೆರೆಯಬೇಡಿ. ಆ ಹಬೆ ಮತ್ತು ಧೂಳನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಕೈಯಲ್ಲಿ ಗಾಯವಿದ್ದರೆ ಕೆಲಸವನ್ನು ಬೇರೆಯವರಿಗೆ ಬಿಡಿ. ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರವಿಟ್ಟು, ಅಂಗಳದಲ್ಲಿ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ಬಕೆಟ್ಟಿನಲ್ಲಿ ತುಂಡನ್ನು ಅರ್ಧ ಗಂಟೆ ಮುಳುಗಿಸಿಟ್ಟು, ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ. ನಂತರ ಬಾಯಲ್ಲಿ ಲೋಹದ ಕಹಿ, ಎದೆ ಬಿಗಿತ ಅಥವಾ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಪಾಲಿಟಾಕ್ಸಿನ್ ಎಂಬ ಹೆಸರನ್ನು ಬರೆದು ತೋರಿಸಿ. ಆ ಬಕೆಟ್ಟಿನ ಮೇಲೆ ಕೆಂಪು ಬಣ್ಣದ ಗುರುತು ಹಾಕಿಡಿ. ಅದರಲ್ಲಿ ಮತ್ತೆಂದೂ ಉಪ್ಪು ನೀರು ಕಲಸಬಾರದು.